ಎಲ್ಲ ಕಂಬಗಳಲ್ಲೂ ಅವಳ ದನಿ

"ಈ ದನಿ ಯಾರದ್ದು?"

ಬಾಗಿಲು ತಟ್ಟದೆ ಒಳಗೆ ನುಗ್ಗಿದವನ ಮೊದಲ ಮಾತು ಅದು. ರೆಕಾರ್ಡಿಂಗ್ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಉರಿಯುವಾಗ ಮ್ಯಾನೇಜರ್ ಕೂಡ ಒಳಗೆ ಬರುವುದಿಲ್ಲ. ಆದರೆ ಇವನು ಬಂದಿದ್ದ! ಬೂಟಿನ ತುಂಬ ಕೆಸರು, ಸೊಂಟಕ್ಕೆ ಕಂಬ ಹತ್ತುವ ಬೆಲ್ಟು, ಕಣ್ಣಲ್ಲಿ ಕೆಂಡ.

ಅವಳು ಹೆಡ್‌ಫೋನ್ ತೆಗೆದು ಮೈಕಿನ ಪಕ್ಕ ಇಟ್ಟಳು. ನಾಳೆ ಬೆಳಗಿನ ಮಂಜಿನ ಎಚ್ಚರಿಕೆಯನ್ನು ಅರ್ಧ ಓದಿ ಮುಗಿಸಿದ್ದಳು. ಅದೀಗ ಹಾಳಾಯಿತು.

"ನಂದು. ಏನೀಗ?"

"ತೆಗೀಬೇಕು."

"ಏನನ್ನ?"

"ಈ ದನೀನ. ಎಲ್ಲ ಕಂಬದಿಂದಾನೂ."

ಇವನ್ಯಾರು? ಬಂದ ಕೂಡಲೇ ನನ್ನ ಗಂಟಲಿಗೆ ಕೈ ಹಾಕುವವನು!

ಅವರ ಕಂಪನಿಯ ಕೆಲಸವೇ ಎಚ್ಚರಿಸುವುದು. ನದಿ ಉಕ್ಕಿದರೆ, ಬಿರುಗಾಳಿ ಎದ್ದರೆ, ಎಲ್ಲಾದರೂ ಬೆಂಕಿ ಬಿದ್ದರೆ ಊರಿಗೆಲ್ಲ ಒಮ್ಮೆಗೇ ಸುದ್ದಿ ಮುಟ್ಟಿಸಬೇಕು. ಅದಕ್ಕೆಂದೇ ಬೀದಿ ಬೀದಿಗೂ ಧ್ವನಿವರ್ಧಕದ ಕಂಬಗಳು. ಮೊದಲು ಸೈರನ್, ಅದರ ಬೆನ್ನಿಗೇ ಅವಳ ದನಿ. ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೋಗಿಲೆ ಎಂದೇ ಕರೆಯುತ್ತಿದ್ದರು. ಪ್ರತಿ ಬುಧವಾರ ಮಧ್ಯಾಹ್ನ ಕಂಬಗಳ ಪರೀಕ್ಷೆ ನಡೆಯುವಾಗ ಅವಳ ಅಪ್ಪ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, "ಕೇಳಿ, ನಮ್ಮ ಪುಟ್ಟಿ!" ಎಂದು ಪಕ್ಕದ ಮನೆಯವರಿಗೂ ಹೇಳುತ್ತಿದ್ದರು. ಆ ದನಿ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಬೇರೇನೂ ಇರಲಿಲ್ಲ.

"ನೀವು ಯಾರು ಅಂತ ಕೇಳಬಹುದಾ?" ಅವಳು ಹಲ್ಲು ಕಚ್ಚಿ ಕೇಳಿದಳು.

"ಕಂಬಗಳ ಹೊಸ ಇಂಜಿನಿಯರ್. ಹೋದ ಮಳೇಲಿ ನದಿ ಬೀದಿಗೆ ನೀರು ನುಗ್ಗಿದಾಗ ಜನ ಯಾಕೆ ಮನೆ ಬಿಡಲಿಲ್ಲ ಗೊತ್ತಾ? 'ನಾಗರಿಕರು ದಯಮಾಡಿ ಸುರಕ್ಷಿತ ಸ್ಥಳಗಳಿಗೆ ತೆರಳಬೇಕೆಂದು ವಿನಂತಿ.' ಇದೇನು ಎಚ್ಚರಿಕೇನಾ, ಮದುವೆ ಕರೆಯೋಲೇನಾ?"

"ಅದು ಸ್ಪಷ್ಟವಾದ ಕನ್ನಡ!"

"ಸ್ಪಷ್ಟವಾಗೇ ಇದೆ. ಸಿಹಿಯಾಗೂ ಇದೆ. ಅದೇ ತೊಂದರೆ. ನೀವು ಮಾತಾಡಿದ್ರೆ ಜನ ಓಡಲ್ಲ ರೀ... ಕೂತು ಕೇಳ್ತಾರೆ!"

ಹೊಗಳಿದನೋ ಬೈದನೋ ಎಂದು ಅವಳಿಗೆ ತಿಳಿಯುವ ಮೊದಲೇ ಅವನು ಹೊರಟುಹೋಗಿದ್ದ. ನೆಲದ ಮೇಲೆ ಕೆಸರಿನ ಹೆಜ್ಜೆಗಳು ಮಾತ್ರ ಉಳಿದವು.

ಸಂಜೆ ಮ್ಯಾನೇಜರ್ ಅವಳನ್ನು ಕರೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು.

"ನೋಡಮ್ಮ ಕೋಗಿಲೆ, ಅವನು ಹೇಳೋದ್ರಲ್ಲಿ ಸ್ವಲ್ಪ ನಿಜ ಇದೆ. ಹೋದ ಸಲ ಜನಾನ ದೋಣೀಲಿ ಹೊತ್ತು ತರಬೇಕಾಯ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಇನ್ನೊಂದು ಸಲ ಹಾಗಾದ್ರೆ ಊರಿನವರು ಯಂತ್ರದ ದನಿ ಹಾಕಿಸ್ತಾರಂತೆ. ನೀನು ಎಚ್ಚರಿಕೆಗಳನ್ನೆಲ್ಲ ಹೊಸದಾಗಿ ಓದು. ಅವನು ಕೇಳಿ ಒಪ್ಪಲಿ."

"ಅವನಾ? ಒಪ್ಪೋದಾ? ಸರ್..."

"ಇಲ್ಲಾಂದ್ರೆ ಯಂತ್ರ ಬರುತ್ತೆ ಕಣಮ್ಮ."

ಯಂತ್ರ! ಬುಧವಾರ ಅಪ್ಪ ಕಿಟಕಿ ತೆರೆದರೆ ಯಾವುದೋ ಯಂತ್ರ ಮಾತಾಡುತ್ತದೆಯೇ?

ಮರುದಿನದಿಂದ ಶುರುವಾಯಿತು ನೋಡಿ ಅವಳ ಗ್ರಹಚಾರ.

ಗಾಜಿನ ಈಚೆ ಅವಳು, ಆಚೆ ಅವನು. ಅವಳು ಓದುವುದು, ಅವನು ಕಣ್ಣು ಮುಚ್ಚಿ ಕೇಳುವುದು, ಆಮೇಲೆ ತಲೆ ಅಲ್ಲಾಡಿಸುವುದು.

"ಇನ್ನೊಂದ್ಸಲ."

"ಇದರಲ್ಲಿ ಏನು ಕಮ್ಮಿಯಾಯ್ತು?"

"ಗೊತ್ತಾಗ್ತಿಲ್ಲ. ಇನ್ನೊಂದ್ಸಲ."

ಗಟ್ಟಿಯಾಗಿ ಓದಿದಳು. "ಶಾಲೆ ಪ್ರಾರ್ಥನೆ ಥರ ಇದೆ. ಇನ್ನೊಂದ್ಸಲ." ವೇಗವಾಗಿ ಓದಿದಳು. "ಬಸ್ ತಪ್ಪೋ ಅವಸರದ ಥರ ಇದೆ. ಇನ್ನೊಂದ್ಸಲ." ಹೆದರಿದವಳಂತೆ ಓದಿದಳು. ಅವನು ನಕ್ಕೇಬಿಟ್ಟ! ಅವಳಿಗೆ ಹೆಡ್‌ಫೋನ್ ಎತ್ತಿ ಅವನ ತಲೆಗೆ ಕುಕ್ಕುವಷ್ಟು ಸಿಟ್ಟು ಬಂತು.

ಮನೆಯಲ್ಲಿ ಊಟ ಸೇರಲಿಲ್ಲ. ಅಪ್ಪ ಚಷ್ಮಾದ ಮೇಲಿಂದ ನೋಡಿದರು.

"ಏನೇ ಪುಟ್ಟಿ, ಯಾರ ಮೇಲೆ ಕೋಪ?"

"ಇನ್ನೊಂದ್ಸಲ ಸಾಹೇಬ್ರ ಮೇಲೆ!"

"ಅದ್ಯಾರು?"

"ಹಾಗೆ ಒಬ್ಬರು ಇದ್ದಾರೆ. ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಎಷ್ಟು ಹೇಳಿದ್ರೂ ಇಳಿಯಲ್ಲ."

"ಮೂರು ದಿನದಿಂದ ಅವನ ಮಾತೇ ಆಡ್ತಿದ್ದೀಯಲ್ಲ, ಅದಕ್ಕೇ ಕೇಳಿದೆ," ಎಂದು ಅಪ್ಪ ತಟ್ಟೆಗೆ ಮುಖ ಹಾಕಿದರು. ತುಟಿಯ ತುದಿಯಲ್ಲಿ ನಗು ಇತ್ತು.

ಛೆ! ಅವನ ಮಾತು ನಾನ್ಯಾಕೆ ಆಡಲಿ?

ಆದರೆ ಆಡುತ್ತಿದ್ದಳು. ಅವಳ ಗಂಟಲು ಕಟ್ಟಿದ ದಿನ ಅವನು ಕೇಳದೆಯೇ ಬಿಸಿನೀರಿನ ಲೋಟ ತಂದಿಟ್ಟಿದ್ದ. ಇನ್ನೊಂದು ದಿನ ಛಾವಣಿಗೆ ಕರೆದೊಯ್ದು, ಗಾಳಿ ಬೀಸುವಾಗ ದೂರದ ಕಂಬದ ಮಾತಿನಲ್ಲಿ ಯಾವ ಅಕ್ಷರ ನುಂಗಿಹೋಗುತ್ತದೆ ಎಂದು ಕೇಳಿಸಿದ್ದ. ಅವನು ಹಾಗೆ ಕಿವಿಗೊಟ್ಟು ನಿಂತಾಗ ಹಣೆಯ ಮೇಲೆ ಒಂದು ಗೆರೆ ಮೂಡುತ್ತಿತ್ತು. ಆ ಗೆರೆಯನ್ನು ಬೆರಳಿಂದ ಸವರಿ ಅಳಿಸಬೇಕು ಅನ್ನಿಸಿದಾಗ ಅವಳಿಗೆ ತನ್ನ ಮೇಲೆಯೇ ರೇಗಿಹೋಯಿತು.

ಬುಧವಾರ ಬಂತು.

ಕಂಟ್ರೋಲ್ ರೂಮಿನ ಫಲಕದಲ್ಲಿ ಒಂದು ತಿರುಗಣೆ ಇದೆ. ಒಂದು ಕಡೆ 'ಒಂದು ಕಂಬ', ಇನ್ನೊಂದು ಕಡೆ 'ಎಲ್ಲ ಕಂಬ'. ಎಲ್ಲ ಕಂಬಕ್ಕೆ ತಿರುಗಿಸಲು ಕೀಲಿ ಬೇಕು. ಒಂದು ಕೀಲಿ ಅವಳ ಬಳಿ, ಇನ್ನೊಂದು ಮ್ಯಾನೇಜರ್ ಕಪಾಟಿನಲ್ಲಿ. ಬುಧವಾರದ ಪರೀಕ್ಷೆ ಮುಗಿದ ಕೂಡಲೇ ತಿರುಗಣೆಯನ್ನು ಹಿಂದಕ್ಕೆ ತಂದು, ಕೀಲಿ ತೆಗೆದು ಬ್ಯಾಗಿಗೆ ಹಾಕಿಕೊಳ್ಳುವುದು ಅವಳ ಕೆಲಸ. ಆಮೇಲೆ ಕಂಬದವರು ತಮಗೆ ಬೇಕಾದ ಕಂಬವನ್ನು ಒಂದೊಂದಾಗಿ ಪರೀಕ್ಷಿಸಿಕೊಳ್ಳುತ್ತಾರೆ.

ಅವಳು ಪರೀಕ್ಷೆ ಮುಗಿಸುವುದಕ್ಕೂ ಅವನು ಪಕ್ಕದ ಕೋಣೆಯಿಂದ ತಲೆ ಹಾಕುವುದಕ್ಕೂ ಸರಿಹೋಯಿತು.

"ನಿನ್ನೆ ಓದಿದ್ದು ಆಗಲ್ಲ ರೀ. ಈಗಲೇ ಬನ್ನಿ, ಇನ್ನೊಂದ್ಸಲ."

"ನಿನ್ನೆ ಚೆನ್ನಾಗಿದೆ ಅಂದ್ರಿ!"

"ಅಂದೆ. ಮನೆಗೆ ಹೋಗಿ ಯೋಚನೆ ಮಾಡಿದೆ. ಆಗಲ್ಲ."

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಜಾರಿತು. ಹೋಗಿ ಮೈಕಿನ ಮುಂದೆ ಕೂತಳು. ಓದಿದಳು. "ಇನ್ನೊಂದ್ಸಲ." ಮತ್ತೆ ಓದಿದಳು. ಅವನು ಗಾಜಿನ ಬಾಗಿಲು ತೆರೆದು ಒಳಗೇ ಬಂದು ಕೂತು, ಹಣೆಯ ಮೇಲೆ ಅದೇ ಗೆರೆ ಮೂಡಿಸಿಕೊಂಡು, ಬಾಯಿ ತೆರೆದ.

"ಇನ್ನೊಂದ್..."

ಅಷ್ಟೇ! ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಏಳ್ರೀ ಮೊದಲು! ನಡೀರಿ ಆಚೆ! ಎಷ್ಟು ಸಲ ಹೇಳ್ಬೇಕು? ಕಿವಿ ಕೇಳಲ್ವಾ? ಇನ್ನೊಂದು ನಿಮಿಷ ಇಲ್ಲೇ ಕೂತ್ರೆ ಏನಾಗುತ್ತೋ ನಂಗೊತ್ತಿಲ್ಲ! ನಡೀರಿ ಅಂದ್ರೆ ನಡೀರಿ!"

ಅವನು ನಿಜವಾಗಿಯೂ ಎದ್ದು ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ಮಗು ಸಿಕ್ಕಿದವನಂತೆ ಬೆಪ್ಪಾಗಿ ನೋಡುತ್ತಿದ್ದ. ಅವಳು ಬ್ಯಾಗು ಎತ್ತಿಕೊಂಡು ಹೊರನಡೆದಳು. ಹಿಂದೆ ರೆಕಾರ್ಡರಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು.

ಅವಳು ಪೇಟೆಯ ದರ್ಜಿ ಅಂಗಡಿಯಲ್ಲಿದ್ದಾಗ ಸೈರನ್ ಕೂಗಿತು. ಪರೀಕ್ಷೆ ಮುಗಿದಿದೆಯಲ್ಲ, ಇದೇನು ಮತ್ತೆ? ಎಂದುಕೊಳ್ಳುವಷ್ಟರಲ್ಲಿ ಬೀದಿಯ ಕಂಬ ಅಬ್ಬರಿಸಿತು.

"ಏಳ್ರೀ ಮೊದಲು! ನಡೀರಿ ಆಚೆ!..."

ಅವಳದೇ ದನಿ! ದರ್ಜಿ ಕತ್ತರಿ ಎಸೆದು ಓಡಿದ. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಗಿರಾಕಿಯೊಬ್ಬ ಟವೆಲ್ ಸಮೇತ ಓಡಿದ. ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಏರಿಸಿಕೊಂಡು ಗುಡ್ಡದ ಕಡೆ ಹೊರಟರು. ಊರಿಗೆ ಊರೇ ಗುಡ್ಡ ಹತ್ತಿದ ಮೇಲೆ ಗೊತ್ತಾಯಿತು, ನೀರೂ ಇಲ್ಲ ಬೆಂಕಿಯೂ ಇಲ್ಲ ಎಂದು. ಕೆಲವರು ನಕ್ಕರು. ಹೆಚ್ಚಿನವರು ಉಗಿದರು.

"ಯಾರಮ್ಮಾ ಆ ಜಗಳಗಂಟಿ?" ಎಂದು ಯಾರೋ ಕೇಳುತ್ತಿದ್ದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಆಫೀಸಿಗೆ ಓಡಿದಳು.

ಅವನು ಮ್ಯಾನೇಜರ್ ಕೋಣೆಯಿಂದ ಹೊರಬರುತ್ತಿದ್ದ. ಮುಖ ಬಿಳಚಿಕೊಂಡಿತ್ತು.

"ಖುಷಿಯಾಯ್ತಾ ನಿಮಗೆ?" ಅವಳು ದಾರಿಗೆ ಅಡ್ಡ ನಿಂತಳು. "ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದ್ರಲ್ಲ! ನಿಮ್ಮನ್ನ ಬೈದಿದ್ದಕ್ಕೆ ಇಡೀ ಊರಿಗೆ ಕೇಳಿಸಿ ಸೇಡು ತೀರಿಸಿಕೊಂಡ್ರಾ?"

ಅವನು ಏನೋ ಹೇಳಲು ಹೊರಟ. ಅವಳ ಬ್ಯಾಗಿನ ಕಡೆ ನೋಡಿದ.

"ತಪ್ಪಾಯ್ತು ರೀ."

"ಅಷ್ಟೇನಾ?"

"ಅಷ್ಟೇ."

ಜಗಳವಾಡುವವನಾಗಿದ್ದರೆ ಜಗಳವಾಡಬಹುದಿತ್ತು. ತಪ್ಪಾಯ್ತು ಅಂದವನ ಜೊತೆ ಏನು ಮಾಡುವುದು? ಅವಳು ಕೆಲಸ ಬಿಡುತ್ತೇನೆಂದು ಹೇಳಿ ಮನೆಗೆ ಬಂದಳು. ದಿಂಬಿಗೆ ಮುಖ ಒತ್ತಿ ಅತ್ತಳು. ಅವಮಾನಕ್ಕಿಂತ ಹೆಚ್ಚಾಗಿ, ಅದನ್ನು ಅವನೇ ಮಾಡಿದನಲ್ಲ ಎಂಬುದೇ ಅವಳನ್ನು ಸುಡುತ್ತಿತ್ತು.

ಅಪ್ಪ ತಲೆ ಸವರಿದರು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣೆ. ಆದ್ರೆ ನಿಜ ಹೇಳ್ಲಾ? ನಾನೂ ಓಡಿದೆ. ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದೆ."

"ಅಪ್ಪಾ!"

"ಅಷ್ಟು ಚೆನ್ನಾಗಿ ನೀನು ಯಾವತ್ತೂ ಓದಿರಲಿಲ್ಲ."

ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಬೆಳಗ್ಗೆ, ಕೆಲಸವಂತೂ ಬಿಟ್ಟಾಯಿತು, ಕಂಪನಿಯ ಕೀಲಿಯನ್ನಾದರೂ ಹಿಂದಿರುಗಿಸೋಣ ಎಂದು ಅವಳು ಬ್ಯಾಗು ತೆರೆದಳು. ಕೀಲಿ ಇರಲಿಲ್ಲ. ಬ್ಯಾಗನ್ನು ಮಂಚದ ಮೇಲೆ ಸುರಿದಳು. ಬಾಚಣಿಗೆ, ಕರವಸ್ತ್ರ, ಗಂಟಲಿನ ಮಾತ್ರೆ... ಕೀಲಿ ಮಾತ್ರ ಇಲ್ಲ!

ಅವಳು ಬುಧವಾರದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡಳು.

ಬುಧವಾರ ಪರೀಕ್ಷೆ ಮುಗಿಸಿದ ಮೇಲೆ ತಿರುಗಣೆಯನ್ನು ಹಿಂದಕ್ಕೆ ತಂದಿದ್ದೆನೇ? ಕೀಲಿ ತೆಗೆದಿದ್ದೆನೇ? ಇಲ್ಲ... ಅವನು ಕರೆದ, ನಾನು ಸಿಟ್ಟಿನಲ್ಲಿ ಎದ್ದೆ. ಎಲ್ಲ ಕಂಬವೂ ತೆರೆದೇ ಇತ್ತು! ಅವನು ಒಂದೇ ಕಂಬ ಎಂದುಕೊಂಡು ಆ ರೆಕಾರ್ಡಿಂಗ್ ಹಾಕಿ ಪರೀಕ್ಷೆ ಮಾಡಿದ್ದಾನೆ. ಅದು ಊರಿಗೆಲ್ಲ ಕೇಳಿಸಿದೆ. ತಪ್ಪು ನನ್ನದು... ತಪ್ಪಾಯ್ತು ಅಂದವನು ಅವನು!

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮ್ಯಾನೇಜರ್.

"ಕೋಗಿಲೆ, ಬೇಗ ಬಾರಮ್ಮ! ಮೇಲಿನ ಅಣೆಕಟ್ಟಿನ ಬಾಗಿಲು ತೆಗೀತಾರಂತೆ. ಸೈರನ್ ಹಾಕಿದ್ದೀವಿ, ಯಾರೂ ಕದಲ್ತಿಲ್ಲ! 'ಬುಧವಾರ ಓಡಿಸಿದ್ದು ಸಾಲದಾ' ಅಂತ ನಗ್ತಿದ್ದಾರೆ!"

ಅವಳು ಕೊಡೆಯನ್ನೂ ಹಿಡಿಯದೆ ಓಡಿದಳು.

ಕಂಟ್ರೋಲ್ ರೂಮಿನಲ್ಲಿ ಮ್ಯಾನೇಜರ್ ಅವಳ ಕೈಗೆ ತಮ್ಮ ಕೀಲಿ ಕೊಟ್ಟರು. "ತಗೋ. ನನ್ನ ಕಪಾಟಿನಿಂದ ಈ ಕೀಲಿ ತಗೊಂಡಿದ್ದು ತಾನೇ ಅಂತ ಆ ಇಂಜಿನಿಯರ್ ಮಹಾನುಭಾವ ಒಪ್ಪಿಕೊಂಡ. ಕೆಲಸದಿಂದ ತೆಗೀಬೇಕು ಅಂತ ಮೇಲಿನವರು ಹೇಳಿದ್ದಾರೆ. ಬೀಗ ಹಾಕಿದ ಕಪಾಟಿಂದ ಹೇಗೆ ತೆಗೆದನೋ, ಇವತ್ತಿಗೂ ನಂಗೆ ಗೊತ್ತಾಗ್ಲಿಲ್ಲ!"

ಅವಳಿಗೆ ಗೊತ್ತಾಗಿತ್ತು. ಕಣ್ಣು ಒರೆಸಿಕೊಂಡು ಕೀಲಿ ತಿರುಗಿಸಿದಳು. ಎಲ್ಲ ಕಂಬ.

ಮುಂದೆ ಅಚ್ಚಾದ ಹಾಳೆಯಿತ್ತು. 'ನಾಗರಿಕರು ದಯಮಾಡಿ...' ಅವಳು ಅದನ್ನು ಬೋರಲು ಹಾಕಿದಳು.

"ಕೇಳಿ. ಬುಧವಾರ ನಿಮ್ಮನ್ನ ಸುಮ್ನೆ ಓಡಿಸಿದವಳು ನಾನೇ. ಕೀಲಿ ತೆಗೆಯೋದು ಮರೆತವಳು ನಾನು. ಇಂಜಿನಿಯರ್ ತಪ್ಪಲ್ಲ, ನಂದು. ಅದಕ್ಕೆ ಎಷ್ಟು ಬೇಕಾದ್ರೂ ಬೈಯಿರಿ, ಆದ್ರೆ ಗುಡ್ಡದ ಮೇಲೆ ನಿಂತು ಬೈಯಿರಿ! ಮೇಲಿಂದ ನೀರು ಬರ್ತಿದೆ. ನಿಜವಾಗ್ಲೂ ಬರ್ತಿದೆ. ಒಲೆ ಆರಿಸಿ, ಮಕ್ಕಳನ್ನ ಎತ್ತಿಕೊಳ್ಳಿ, ನಡೀರಿ! ಸಾಮಾನು ಬಿಡಿ! ದರ್ಜಿಯಣ್ಣ, ಕತ್ತರಿ ಬಿಟ್ಟು ಏಳು! ಅಪ್ಪಾ, ಕಿಟಕಿ ಆಮೇಲೆ, ಮೊದಲು ಚಪ್ಪಲಿ ಹಾಕ್ಕೋ!"

ಪಕ್ಕದಲ್ಲಿ ಮ್ಯಾನೇಜರ್ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಅವಳು ಹೇಳುತ್ತಲೇ ಹೋದಳು, ಬೀದಿ ಬೀದಿಯ ಹೆಸರು ಹಿಡಿದು ಕರೆದಳು. ಕಿಟಕಿಯಾಚೆ ಮೊದಲು ಒಬ್ಬಿಬ್ಬರು, ಆಮೇಲೆ ಗುಂಪು ಗುಂಪಾಗಿ ಜನ ಗುಡ್ಡದ ದಾರಿ ಹಿಡಿದರು.

ಆಗ ವಾಕಿಟಾಕಿ ಗೊರಗುಟ್ಟಿತು. ಅವನ ದನಿ!

"ನದಿ ಬೀದಿ ಖಾಲಿಯಾಯ್ತು. ಕೊನೇ ಕಂಬದ ಹತ್ರ ಒಬ್ಬರು ಏಳ್ತಿಲ್ಲ."

"ಯಾರು?"

"ನಮ್ಮಮ್ಮ."

"ಎತ್ತಿಕೊಂಡು ಬನ್ನಿ!"

"ಹೋದ ಸಲ ಎತ್ತಿಕೊಂಡೇ ಬಂದೆ, ಮೊಣಕಾಲುದ್ದ ನೀರಲ್ಲಿ. ಈ ಸಲ ಕಿಟಕಿ ಸರಳು ಹಿಡಿದು ಕೂತಿದ್ದಾಳೆ, ಬಿಡ್ತಿಲ್ಲ. ನಿಮ್ಮ ದನಿ ಬಂದ್ರೆ ಅವಳು ಎಲ್ಲಿಗೂ ಕದಲಲ್ಲ ರೀ. ಪ್ರತಿ ಬುಧವಾರ ಕಂಬದ ಕಡೆ ಕುರ್ಚಿ ತಿರುಗಿಸಿ ಕೂರ್ತಾಳೆ. 'ನನ್ನ ಸೊಸೆ ಮಾತಾಡ್ತಿದ್ದಾಳೆ, ಮುಗಿದ ಮೇಲೆ ಬರ್ತೀನಿ' ಅಂತಾಳೆ."

"ಏನಂದ್ರಿ?"

"'ಇಂಥ ದನಿಯವಳೇ ನಂಗೆ ಸೊಸೆಯಾಗ್ಬೇಕು' ಅಂತ ಎರಡು ವರ್ಷದಿಂದ ಹೇಳ್ತಿದ್ದಾಳೆ. ಈಚೀಚೆಗೆ ಮರೆವು ಜಾಸ್ತಿಯಾಗಿ, ನೀವು ಸೊಸೆ ಆಗೇಬಿಟ್ಟಿದ್ದೀರಿ ಅಂತಾನೇ ಅಂದುಕೊಂಡಿದ್ದಾಳೆ. ಬುಧವಾರದ ಬೈಗುಳ ಮಾತ್ರ 'ನನ್ನ ಸೊಸೇದಲ್ಲ' ಅಂದ್ಲು... ಇದನ್ನ ನಿಮ್ಮ ಹತ್ರ ಯಾವ ಬಾಯಲ್ಲಿ ಹೇಳಲಿ ನಾನು?"

ಅವಳಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಅಂದು ಬಂದ ಕೆಸರಿನ ಬೂಟು, ಕಣ್ಣಲ್ಲಿದ್ದ ಕೆಂಡ, ಕೂತು ಕೇಳ್ತಾರೆ ಎಂಬ ಮಾತು! ಅಷ್ಟು ದಿನ ಅವನು ಕೇಳುತ್ತಿದ್ದದ್ದು ತನ್ನ ತಾಯಿಯನ್ನು ಎಬ್ಬಿಸಬಲ್ಲ ದನಿಯನ್ನು.

ಫಲಕದಲ್ಲಿ ಕೊನೆಯ ಕಂಬವನ್ನು ಮಾತ್ರ ಆರಿಸಿ ಹೇಳಬಹುದಿತ್ತು. ತಿರುಗಣೆಯ ಮೇಲೆ ಕೈ ಇಟ್ಟಳು. ಆದರೆ ಇನ್ನೂ ಜನ ದಾರಿಯಲ್ಲಿದ್ದರು, ಎಲ್ಲ ಕಂಬ ಮುಚ್ಚುವಂತಿರಲಿಲ್ಲ. ಊರೆಲ್ಲ ಕೇಳುತ್ತದೆ. ಕೇಳಲಿ!

ಅವಳು ಮೈಕಿನ ಹತ್ತಿರ ಬಾಗಿದಳು.

"ಅತ್ತೇ... ನಾನು, ನಿಮ್ಮ ಸೊಸೆ."

ಹಿಂದೆ ಮ್ಯಾನೇಜರ್ ಕುರ್ಚಿಯಿಂದ ಜಾರಿದ ಸದ್ದಾಯಿತು.

"ನೀವು ಅಲ್ಲೇ ಕೂತ್ರೆ ನಿಮ್ಮ ಮಗನೂ ಅಲ್ಲೇ ನಿಂತಿರ್ತಾರೆ. ಅವರಿಗೆ ಏನಾದ್ರೂ ಆದ್ರೆ ನನ್ನ ಗತಿ ಏನು ಅತ್ತೆ? ಸರಳು ಬಿಡಿ. ಅವರ ಕೈ ಹಿಡಿದು ನಿಧಾನಕ್ಕೆ ಗುಡ್ಡಕ್ಕೆ ಬನ್ನಿ. ನಾನೂ ಅಲ್ಲಿಗೇ ಬರ್ತೀನಿ. ಎದುರಿಗೆ ಕೂತು ನಿಮಗೆ ಎಷ್ಟು ಬೇಕೋ ಅಷ್ಟು ಮಾತಾಡ್ತೀನಿ. ಏಳಿ ಅತ್ತೆ, ನಿಮ್ಮ ದಮ್ಮಯ್ಯ..."

ವಾಕಿಟಾಕಿಯಲ್ಲಿ ಮಳೆ ಸುರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನ ಮಾತು ಬಂತು, ಒಡೆದ ದನಿಯಲ್ಲಿ.

"ಎದ್ಲು."

ಅವರು ತಿರುವು ದಾಟಿದ ಸ್ವಲ್ಪ ಹೊತ್ತಿಗೆಲ್ಲ ನದಿ ಬೀದಿಗೆ ನೀರು ನುಗ್ಗಿತು. ಖಾಲಿ ಕುರ್ಚಿಯೊಂದು ತೇಲಿಹೋಯಿತು.

ಗುಡ್ಡದ ಶಾಲೆಯ ಪಡಸಾಲೆಯಲ್ಲಿ ಸಂಜೆ ಊರೆಲ್ಲ ಸೇರಿತ್ತು. ಅವಳು ಒಳಗೆ ಕಾಲಿಟ್ಟೊಡನೆ ಗುಸುಗುಸು ನಿಂತಿತು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕಿ ಅವಳ ಗಲ್ಲ ಹಿಡಿದು ನೋಡಿದರು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಶುರುವಾಗೋದ್ರೊಳಗೇ ಮುಗಿಸಿಬಿಟ್ಟೆಯಲ್ಲೇ, ಊರ ಮುಂದೆ ಜೋರು ಮಾಡಿ!" ಎಂದು ನಕ್ಕರು. ಪಕ್ಕದಲ್ಲಿ ಕೂತಿದ್ದ ಅವಳ ಅಪ್ಪ, "ನಮ್ಮ ಪುಟ್ಟಿ ಹಾಗೇ ಕಣಮ್ಮ," ಎಂದು ಆಗಲೇ ಬೀಗರ ಠೀವಿಯಲ್ಲಿ ಕೂತಿದ್ದರು. ಕಾಲಲ್ಲಿ ಚಪ್ಪಲಿ ಇತ್ತು.

ಅವನು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ. ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. ಬುಧವಾರ ಫಲಕದಲ್ಲೇ ಉಳಿದಿದ್ದ ಅವಳದೇ ಕೀಲಿ.

"ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು. "ನಿಮ್ಮ ಕೆಲಸ ಹೋಗೋದಿತ್ತು!"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಕಂಬದಲ್ಲಿ ಯಂತ್ರ ಮಾತಾಡ್ತಿತ್ತು. ಬುಧವಾರ ಅಮ್ಮ ಯಾರನ್ನ ಕೇಳ್ಬೇಕು?" ತಲೆ ತಗ್ಗಿಸಿದ. "ನಾನು ಯಾರನ್ನ ಕೇಳ್ಬೇಕು?"

ಅವಳ ಕಣ್ಣು ತುಂಬಿತು. "ಹಾಗಾದ್ರೆ ಅಷ್ಟೂ 'ಇನ್ನೊಂದ್ಸಲ'...?"

"ಮೊದಮೊದಲು ಕೆಲಸಕ್ಕೇ ಅಂದಿದ್ದು. ಆಮೇಲಾಮೇಲೆ..." ಅವನ ಕಿವಿ ಕೆಂಪಾಯಿತು.

"ಮೋಸಗಾರ!"

"ರೀ... ಬೆಳಗ್ಗೆಯಿಂದ ಕೇಳ್ಬೇಕು ಅಂತಿದ್ದೆ. ಅಮ್ಮನ್ನ ಎಬ್ಬಿಸೋಕೆ ಹೇಳಿದ್ರಾ, ಇಲ್ಲಾ ನಿಜವಾಗ್ಲೂ ಹೇಳಿದ್ರಾ?"

"ಎಲ್ಲ ಕಂಬದಲ್ಲೂ ಹೇಳಿದ್ದೀನಿ. ಸುಳ್ಳು ಎಚ್ಚರಿಕೆ ಕೊಟ್ರೆ ಊರಿನವರು ಸುಮ್ನೆ ಬಿಡ್ತಾರಾ?"

ಅವನ ಹಣೆಯ ಮೇಲೆ ಆ ಗೆರೆ ಮೂಡಿತು. ಈ ಸಲ ಅವಳು ತಡೆದುಕೊಳ್ಳಲಿಲ್ಲ, ಬೆರಳಿಂದ ಮೆಲ್ಲಗೆ ಸವರಿದಳು.

"ಹಾಗಲ್ಲ," ಅವನು ಪಿಸುಗುಟ್ಟಿದ. "ನಂಗೊಬ್ಬನಿಗೇ ಹೇಳಿ. ಇನ್ನೊಂದ್ಸಲ."

ಅವಳಿಗೆ ಒಂದಿಷ್ಟೂ ರೇಗಲಿಲ್ಲ. ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು. ಅದು ಯಾವ ಕಂಬಕ್ಕೂ ಕೇಳಿಸಲಿಲ್ಲ.